ಅಜ್ಜಿ ಬಾಯಲ್ಲಿ ನೇಯ್ದ ಸೀರೆ

ಕೊಯಮತ್ತೂರು
2 ಡಿಸೆಂಬರ್ 2025

ಪ್ರಿಯ ಸರವಣ,

ನಾನು ಕ್ಷೇಮ. ನೀನೂ ಕ್ಷೇಮವೆಂದು ಮೇಟುಪಾಳ್ಯಂ ಬಸ್ಸಿನಲ್ಲಿ ಸಿಕ್ಕ ನಿನ್ನ ಚಿಕ್ಕಮ್ಮ ಹೇಳಿದರು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ತಮಿಳಿಗೆ ಇಳಿಯುತ್ತೇವೆ, ತಮಿಳಿಗೆ ಇಳಿದರೆ ಜಗಳಕ್ಕೆ ತಡವಿಲ್ಲ. ಮನೆಮಾತು ಕನ್ನಡವೇ ಆದರೂ, ಮದುವೆಯಾದ ಹೊಸತರಲ್ಲಿ ಗೆಳತಿ ಪ್ರಕೃತಿಯ ಎದುರು ಕೂತು ಇಬ್ಬರೂ ಕಲಿತ ಈ ಕನ್ನಡ ಅಕ್ಷರ ನನಗೆ ಇನ್ನೂ ನಿಧಾನ. ನಿಧಾನವಾಗಿ ಬೈಯಲು ಯಾರಿಂದಲೂ ಆಗುವುದಿಲ್ಲ, ಅಷ್ಟು ಲಾಭ.

ಮೊದಲು ನಮ್ಮ ಗುಂಪಿನ ಸುದ್ದಿ. ಪೀಳಮೇಡಿನ ಮಹಡಿ ಮನೆಯಲ್ಲಿ ಒಂದೇ ಕೀಬೋರ್ಡಿಗೆ ಕಿತ್ತಾಡುತ್ತಿದ್ದ ನಾವು ಈಗ ಪತ್ರಿಕೆಯವರ ಬಾಯಲ್ಲಿ ಹೊಸ ತಲೆಮಾರಿನ ಸಂಗೀತ ರಚನಾಕಾರರು. ಮೆಲ್ವಿನ್ ತನ್ನ ಊರಿನ ಚರ್ಚಿನ ಗಂಟೆಗಳನ್ನು ನೆನೆದು ಬರೆದ ಗಾಯನವೃಂದದ ಕೃತಿಯನ್ನು ಕೊಚ್ಚಿಯಲ್ಲಿ ಹಾಡಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಹೇಳಿದವನು ಅವನೇ, ಆದ್ದರಿಂದ ಅರ್ಧ ನಂಬು. ಕೊಳಲು, ಚೆಲೋ ಎರಡಕ್ಕೂ ಸೇರಿಸಿ ಬರೆದುಕೊಡಲು ಪ್ರಕೃತಿಗೆ ಪುಣೆಯಿಂದ ಕರೆ ಬಂದಿದೆ. ನನಗೂ ಯುವ ರಚನಾಕಾರರ ಫೆಲೋಶಿಪ್ ಸಿಕ್ಕಿತು. ಅದರ ಕೊನೆಗೆ ಒಂದು ಹೊಸ ಕೃತಿಯನ್ನು ವೇದಿಕೆಗೆ ತರಬೇಕು. ನಾನು 'ಮಗ್ಗ'ವನ್ನು ಮುಗಿಸಿದ್ದೇನೆ.

ಹೌದು, ನಮ್ಮದೇ 'ಮಗ್ಗ'. ಇಬ್ಬರೂ ಸೇರಿ ಶುರು ಮಾಡಿ, ನೀನು ಅರ್ಧಕ್ಕೆ ಬಿಟ್ಟದ್ದು.

ಅದಕ್ಕಾಗಿ ಸಿರುಮುಗೈಗೆ ಸದ್ದು ಹಿಡಿಯಲು ಹೋದ ದಿನ ನೆನಪಿದೆಯಾ? ಎರವಲು ತಂದ ಮೈಕು, ಕೊರಳಲ್ಲಿ ಹೆಡ್‌ಫೋನು, ಗಾಂಧಿಪುರಂನಿಂದ ದಾರಿಯುದ್ದಕ್ಕೂ ನಿನ್ನ ಜಂಬ. ನಿಮ್ಮ ಬೀದಿಗೆ ಕಾಲಿಟ್ಟರೆ ಸಾಕು, ಎರಡೂ ಬದಿಯ ಮನೆಗಳಿಂದ ಮಗ್ಗದ ಸದ್ದು ಕಿವಿ ತುಂಬುತ್ತದೆ ಎಂದಿದ್ದೆ. ಕಾಲಿಟ್ಟೆವು. ಯಾರದೋ ಮನೆಯ ಕುಕ್ಕರ್ ಕೂಗಿತು, ಅಷ್ಟೇ. ಅಂದು ಅಮಾವಾಸ್ಯೆ. ಆ ದಿನ ನಿಮ್ಮ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಅದೇ ಬೀದಿಯಲ್ಲಿ ಹುಟ್ಟಿದ ನೀನು ಪೇಟೆ ಸೇರಿ ಅದನ್ನೇ ಮರೆತಿದ್ದೆ. ಹೊಸ್ತಿಲ ಮೇಲೆ ಕೂತಿದ್ದ ನಿನ್ನ ಅಜ್ಜಿ ಲಕ್ಷ್ಮಿಯಮ್ಮಾಳ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಮಗ್ಗವನ್ನು ತರಿ ಎನ್ನುವ ತಮ್ಮ ಮಾತಿನಲ್ಲೇ ಕೇಳಿದ್ದರು: "ಅಮಾಸೆ ದಿನ ತರಿ ಸದ್ದು ಕೇಳಕ್ಕೆ ಬಂದ್ಯಾ ಸಾಮಿ? ತರಿಗೂ ಒಂದ್ ದಿನ ಲೀವ್ ಬೇಡ್ವಾ?"

ನಿನ್ನ ಮುಖ ಇಳಿದದ್ದು ನೋಡಿ ಅಜ್ಜಿಗೆ ತಡೆಯಲಾಗಲಿಲ್ಲ. ಮಗ್ಗ ಮುಟ್ಟದೆ, ಮೊಣಕಾಲು ತಟ್ಟುತ್ತಾ, ಬಾಯಲ್ಲೇ ಲಾಳಿ ಓಡಿಸಿದರು. ಟಕ್, ಟಟಕ್ ಎಂದು ಸೀರೆಯ ಒಡಲನ್ನೆಲ್ಲ ನೇಯ್ದರು. ಅಂಚಿಗೆ ಬಂದಾಗಲೆಲ್ಲ ಅವರ ಉಸಿರು ಒಂದಿಷ್ಟು ನಿಂತು ಆಮೇಲೆ ಮುಂದೆ ಹೋಗುತ್ತಿತ್ತು. ಮಧ್ಯಾಹ್ನ ಹುರುಳಿ ಸಾರು, ಅನ್ನ. ವಾಪಸು ಬರುವಾಗ ಕಾರಮಡೈ ದಾಟುವವರೆಗೂ ನೀನು ಅದನ್ನೇ ಬಾಯಲ್ಲಿ ಹೇಳುತ್ತಾ ಬಂದೆ. ಕಂಡಕ್ಟರ್ ತಿರುಗಿ ತಿರುಗಿ ನೋಡಿದ. ಅಷ್ಟು ಸಂತೋಷದ ದಿನ ಆಮೇಲೆ ನನ್ನ ಪಾಲಿಗೆ ಬಂದಿಲ್ಲ.

ನಿಮ್ಮ ಅಪ್ಪನಿಗೆ ಬೆನ್ನು ಕೈಕೊಟ್ಟಾಗ ಸ್ವಲ್ಪ ದಿನವೆಂದು ಹೋಗಿ ನೀನು ಮಗ್ಗಕ್ಕೆ ಕೂತೆ. ಅಲ್ಲೇ ಉಳಿದೆ. ನಾನು ಇಲ್ಲೇ ಉಳಿದೆ. ಯಾರು ಯಾರನ್ನು ಬಿಟ್ಟರು ಎಂಬುದನ್ನು ನಿಮ್ಮ ಮನೆಯವರು ಒಂದು ಥರ ಹೇಳುತ್ತಾರೆ, ನಮ್ಮ ಮನೆಯವರು ಇನ್ನೊಂದು ಥರ. ಅದು ಈಗ ಬೇಡ.

ಈಗಿನ ಕಷ್ಟ ಬೇರೆ. ನಾಲ್ಕು ತಂತಿವಾದ್ಯಗಳ ನಡುವೆ ಅಜ್ಜಿಯ ಆ ಬಾಯಿಮಗ್ಗ ಬರಬೇಕು. ಅಂದಿನ ರೆಕಾರ್ಡಿಂಗ್ ತುಂಬ ನಮ್ಮಿಬ್ಬರದೇ ನಗು, ಉಪಯೋಗಕ್ಕಿಲ್ಲ. ಅಜ್ಜಿಯೂ ಆಷಾಢದ ಆಡಿ ತಿಂಗಳಲ್ಲಿ ಹೋಗಿಬಿಟ್ಟರು. ಮೃದಂಗ ಕಲಿತ ಮಧ್ವೇಶ್ ಎಂಬ ಹುಡುಗ ಬಹಳ ಚೆನ್ನಾಗಿ ಹೇಳುತ್ತಾನೆ, ಒಂದು ಪೆಟ್ಟೂ ತಪ್ಪುವುದಿಲ್ಲ. ಆದರೆ ಅಂಚಿನ ಹತ್ತಿರ ಅವನು ಎಣಿಸಿಕೊಂಡು ನಿಲ್ಲುತ್ತಾನೆ. ಅಜ್ಜಿ ಎಣಿಸುತ್ತಿರಲಿಲ್ಲ. ಆ ನಿಲುಗಡೆ ಈಗ ಇರುವುದು ನಿನ್ನೊಬ್ಬನ ನಾಲಿಗೆಯಲ್ಲಿ.

ಬಂದು ಹೇಳು. ಹತ್ತೊಂಬತ್ತನೇ ತಾರೀಕು ಶುಕ್ರವಾರ, ಸಂಜೆ ಆರಕ್ಕೆ, ಆರ್.ಎಸ್. ಪುರಂನಲ್ಲಿ. ಶನಿವಾರ ಹಾಲ್ ಸಿಗಲಿಲ್ಲ. ಇದುವರೆಗೆ ಯಾವ ಕಛೇರಿಗೆ ಕರೆದರೂ ಸೀರೆ ಅರ್ಧದಲ್ಲಿದೆ, ಮಗ್ಗ ಬಿಟ್ಟು ಬರಲಾಗದು ಎಂದೇ ನಿನ್ನ ಉತ್ತರ. ಈ ಸಲ ನೀನು ಬರದಿದ್ದರೆ ಮಧ್ವೇಶನಿಂದ ಹೇಳಿಸುವುದಿಲ್ಲ. ಅಷ್ಟು ಹೊತ್ತು ನಾಲ್ವರೂ ವಾದ್ಯ ಕೆಳಗಿಟ್ಟು ಸುಮ್ಮನೆ ಕೂರುತ್ತಾರೆ. ಹಾಗೆಂದೇ ಬರೆದಿದ್ದೇನೆ. ಸುಮ್ಮನಿದ್ದ ಬೀದಿಯನ್ನೂ ಕೇಳಿಸಿಕೊಂಡವರಲ್ಲವೇ ನಾವು.

ಕರೆಯುತ್ತಿರುವುದು ಸಂಗೀತಕ್ಕೆ ಮಾತ್ರ. ಬೇರೆ ಏನೂ ಯೋಚಿಸಬೇಡ. ಮುಗಿದ ಕೂಡಲೇ ಹೊರಟರೆ ಮೇಟುಪಾಳ್ಯಂ ಬಸ್ಸು ಸಿಗುತ್ತದೆ, ನಾನು ತಡೆಯುವುದಿಲ್ಲ. ನೀನು ಬಂದರೂ ಬರದಿದ್ದರೂ ಕಾರ್ಯಕ್ರಮದ ಹಾಳೆಯಲ್ಲಿ ರಚನೆ ಎಂಬಲ್ಲಿ ಇಬ್ಬರ ಹೆಸರೂ ಇರುತ್ತದೆ, ನಿನ್ನದು ಮೊದಲು.

ಇಂತಿ,
ಹಾಳೆಯಲ್ಲಿ ಪದ್ಮಪ್ರಿಯಾ, ನಿನಗೆ
ಪದ್ದು

ತಾ.ಕ.: ಶನಿವಾರ ಹಾಲ್ ಖಾಲಿಯೇ ಇತ್ತು. ಎಲ್ಲರೂ ಶನಿವಾರವೇ ಇರಲಿ ಎಂದರು, ನಾನು ಹಟ ಹಿಡಿದು ಶುಕ್ರವಾರ ಮಾಡಿಸಿದೆ. ಕ್ಯಾಲೆಂಡರ್ ನೋಡು, ಅಂದು ಅಮಾವಾಸ್ಯೆ. ನಿಮ್ಮ ಬೀದಿಯಲ್ಲಿ ಒಂದು ಮಗ್ಗವೂ ಆಡುವುದಿಲ್ಲ. ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಯಾರಾದರೂ ಹೊಸ ಕೆಲಸ ಶುರು ಮಾಡುತ್ತಾರಾ ಎಂದು ಅಮ್ಮ ಗದರಿದಳು. ಹೊಸದೇನಲ್ಲ, ನಿಂತುಹೋಗಿದ್ದದ್ದು ಎಂದೆ. ಅಮ್ಮ ಗದರುವುದು ಬಿಟ್ಟು, ಅವತ್ತು ರಾತ್ರಿ ಊಟಕ್ಕೆ ಎಷ್ಟು ಜನ ಎಂದು ಕೇಳಿದಳು. ಹುರುಳಿ ನೆನೆಹಾಕಲು ಹೇಳಿದ್ದೇನೆ.