ನಾನು ಬರೆಯದ ಹತ್ತು ಅಂಕಣಗಳು

ಗುರುವಾರ, ಬೆಳಿಗ್ಗೆ ಹತ್ತೂವರೆ
ಊಟದ ಮೇಜಿನಿಂದ (ಬರೆಯುವ ಮೇಜಿನ ಮೇಲೆ ನಿನ್ನಮ್ಮ ಬಟ್ಟೆ ಮಡಚುತ್ತಿದ್ದಾಳೆ)

ಪ್ರೀತಿಯ ಮೆಣಸಿನಕಾಯಿಗೆ,

ಅಕ್ಷರ ಸೊಟ್ಟಗಿದ್ದರೆ ಕಣ್ಣನ್ನು ದೂರಬೇಡ. ಕಣ್ಣು ಚೆನ್ನಾಗಿದೆ. ಒಂದೂವರೆ ವರ್ಷದಿಂದ ನಿನಗೆ ಒಂದು ಸಾಲೂ ಬರೆಯದ ಕೈಯಿದು, ನಾಚಿಕೊಳ್ಳುತ್ತಿದೆ, ಅಷ್ಟೆ.

ಇಷ್ಟು ದಿನ ನಿನ್ನ ಸುದ್ದಿ ನನಗೆ ಸಿಗುತ್ತಿದ್ದದ್ದು ನಿನ್ನಮ್ಮನ ಸಂಜೆಯ ಫೋನಿನಿಂದ, ಅದೂ ಅರ್ಧ. ನೀನು ಆ ಕಡೆ ಮಾತಾಡುತ್ತೀ. ಈ ಕಡೆ ನನ್ನ ಪಾಲಿಗೆ ಬೀಳುವುದು ‘ಹೂಂ’, ‘ಹೌದಾ’, ‘ಅಯ್ಯೋ’ ಮಾತ್ರ. ಆ ಮೂರು ಪದಗಳಿಂದಲೇ ನಿನ್ನ ಜೀವನಚರಿತ್ರೆ ಬರೆಯಬಲ್ಲೆ. ಬರೆಯುವುದಿಲ್ಲ, ಮಾತು ಕೊಟ್ಟಿದ್ದೇನೆ.

ಈಗ ಕಣ್ಣಿನ ಕಥೆ. ಇಪ್ಪತ್ತೆರಡು ವರ್ಷದಿಂದ ಪತ್ರಿಕೆಯ ಕೊನೆಯ ಪುಟದ ಎಡಮೂಲೆಯಲ್ಲಿ ದಿನಕ್ಕೆ ಇನ್ನೂರೈವತ್ತು ಪದಗಳ ಸಂಸಾರ ಹೂಡಿರುವ ನಿನ್ನಪ್ಪನಿಗೆ, ಪೊರೆ ತೆಗೆದ ಮೇಲೆ ಹತ್ತು ದಿನ ಓದು ಬರಹ ಬಂದ್. ಅಂಕಣ ನಿಂತರೆ ಓದುಗರು ನನ್ನನ್ನು ಮರೆತಾರು ಎಂಬುದಕ್ಕಿಂತ, ನೆಮ್ಮದಿಯಾಗಿದ್ದಾರು ಎಂಬ ಭಯ. ಹಾಗಾಗಿ ಮುಂಚಿತವಾಗಿ ಹತ್ತು ಅಂಕಣ ಬರೆದು, ಕಂದು ಕವರಿನಲ್ಲಿ ಹಾಕಿ ಕಚೇರಿಗೆ ಕಳಿಸಿದೆ. ಅಂಥದೇ ಇನ್ನೊಂದು ಕಂದು ಕವರಿನಲ್ಲಿ ನನ್ನ ಕಣ್ಣಿನ ರಿಪೋರ್ಟುಗಳಿದ್ದವು. ಮುಂದಿನದನ್ನು ನೀನು ಊಹಿಸಬಲ್ಲೆ, ನಮ್ಮ ಮನೆಯಲ್ಲಿ ಬೆಳೆದವಳು. ಡಾಕ್ಟರು ನನ್ನ ಹತ್ತು ಅಂಕಣಗಳನ್ನು ಗಂಭೀರವಾಗಿ ತಿರುವಿಹಾಕಿ, ‘ಇದು ನಾವಂದುಕೊಂಡಿದ್ದಕ್ಕಿಂತ ಮುಂದುವರಿದ ಸ್ಥಿತಿ’ ಅಂದರು. ಅವರು ತಮಾಷೆ ಮಾಡಿದರೋ ಎಂಬುದು ಇಂದಿಗೂ ಗೊತ್ತಾಗಿಲ್ಲ. ಒಂದು ಸಲವೂ ನಗದೆ ಓದಿದರಂತೆ, ನರ್ಸ್ ಹೇಳಿದಳು. ರಿಪೋರ್ಟುಗಳ ಇನ್ನೊಂದು ಪ್ರತಿ ಆಸ್ಪತ್ರೆಯಲ್ಲೇ ಇದ್ದದ್ದರಿಂದ ಕಣ್ಣು ಉಳಿಯಿತು. ಕಚೇರಿಗೆ ಹೋದದ್ದು ರಿಪೋರ್ಟು ಎಂದು ಯೋಚಿಸುವಷ್ಟು ಬುದ್ಧಿ ಮಾತ್ರ ಆಗ ನನಗಾಗಲೀ ನಿನ್ನಮ್ಮನಿಗಾಗಲೀ ಉಳಿದಿರಲಿಲ್ಲ.

ಆಪರೇಷನ್ನಿನ ಮರುದಿನ ಬೆಳಿಗ್ಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದೆ. ನಿನ್ನಮ್ಮ ಪತ್ರಿಕೆ ಬಿಡಿಸಿ, ‘ನಿಮ್ಮದೇ ಓದ್ತೀನಿ, ಇಲ್ಲಾಂದ್ರೆ ಊಟ ಸೇರಲ್ಲ ನಿಮಗೆ’ ಎಂದು ಶುರುಮಾಡಿದಳು. ಹೊಸ ಕಚೇರಿ ಕಟ್ಟಡದ ಉದ್ಘಾಟನೆಗೆ ಬಂದ ಮಂತ್ರಿಗಳು ಎರಡು ಮಹಡಿಗಳ ನಡುವೆ ಲಿಫ್ಟಿನಲ್ಲಿ ನಲವತ್ತು ನಿಮಿಷ ಸಿಕ್ಕಿಕೊಂಡ ಸುದ್ದಿಯ ಮೇಲಿನ ಅಂಕಣ. ‘ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಲಿಫ್ಟಿಗೆ ಕೇಳಿಸುವುದು ಒಂದೇ ಸಲ; ಮಂತ್ರಿಗಳಿಗೆ ಅಷ್ಟೂ ಕೇಳಿಸುವುದಿಲ್ಲ’ ಎಂಬ ಸಾಲಿಗೆ ನಾನು ಗಟ್ಟಿಯಾಗಿ ನಕ್ಕೆ. ನಕ್ಕಮೇಲೆ ಹೊಳೆಯಿತು, ಇದು ನಾನು ಬರೆದದ್ದಲ್ಲ.

‘ನಾನು ಬರೆದಿಲ್ಲ ಕಣೇ.’

‘ಇಂಜೆಕ್ಷನ್ನಿನ ಮತ್ತು ಇನ್ನೂ ಇಳಿದಿಲ್ಲ, ಸುಮ್ನೆ ಮಲಗಿ.’

ಎರಡನೆಯ ದಿನ ಸ್ನಾನದಮನೆಯಲ್ಲಿ ಅಪಸ್ವರದಲ್ಲಿ ಹಾಡುವ ಗಂಡನ ಬಗ್ಗೆ ಇತ್ತು. ‘ಇದಂತೂ ನೀವೇ’ ಎಂದಳು. ಮೂರನೆಯ ದಿನ ಓದುತ್ತ ಓದುತ್ತ ಅವಳ ದನಿ ನಿಂತಿತು.

‘ಮಾತು ಕೊಟ್ಟಿದ್ರಿ. ಮತ್ತೆ ಅವಳ ಬಗ್ಗೆ ಬರೆದ್ರಾ?’

ಆಣೆ ಮಾಡಿದೆ. ಹೊಸ ಕಣ್ಣಿನ ಮೇಲೇ ಮಾಡಿದೆ. ಅವಳು ನಂಬಲಿಲ್ಲ. ಆದರೂ ಪೂರ್ತಿ ಓದಿದಳು.

ನಿನಗೆ ನೆನಪಿಸಬೇಕಿಲ್ಲ. ಆದರೂ ತಪ್ಪು ಮಾಡಿದವನೇ ಅದನ್ನು ಒಮ್ಮೆ ತನ್ನ ಕೈಯಾರೆ ಬರೆಯಬೇಕು. ನೀನು ಲಿಫ್ಟ್ ಕಂಪನಿಯ ಕೆಲಸ ಕಳೆದುಕೊಂಡು ಎರಡು ಸೂಟ್‌ಕೇಸಿನೊಂದಿಗೆ ಮನೆಗೆ ಬಂದ ವಾರವೇ ನಾನು, ‘ಲಿಫ್ಟ್ ಕಂಪನಿಯವರು ನನ್ನ ಮಗಳನ್ನು ಸೀದಾ ನೆಲಮಹಡಿಗೆ ಇಳಿಸಿದ್ದಾರೆ’ ಎಂದು ಬರೆದೆ. ನೀನು ಇನ್ನೂ ಗೆಳತಿಯರಿಗೂ ಹೇಳಿರಲಿಲ್ಲ. ಊರಿಗೆಲ್ಲ ನಾನು ಹೇಳಿದೆ. ‘ಇನ್ಮೇಲೆ ನಿಮ್ಮ ಅಂಕಣದಲ್ಲಿ ನಾನಿಲ್ಲ, ನಿಮ್ಮನೇಲೂ ಇಲ್ಲ’ ಎಂದು ನೀನು ಅದೇ ಸೂಟ್‌ಕೇಸುಗಳನ್ನು ಎತ್ತಿಕೊಂಡು ಹೊರಟೆ. ನಾನು ತಡೆಯಲಿಲ್ಲ. ಮರುದಿನದ ಅಂಕಣ ಬರೆಯುವುದಿತ್ತು.

ಆ ಮೂರನೆಯ ದಿನದ ಅಂಕಣ, ನನ್ನ ಹೆಸರಿನಲ್ಲಿ, ಹೀಗೆ ಹೇಳುತ್ತಿತ್ತು: ಬಸ್ ನಿಲ್ದಾಣದಲ್ಲಿ ನನ್ನ ಮಗಳ ಪಕ್ಕ ಕೂತಿದ್ದವನೊಬ್ಬ ಆ ಜೋಕು ಓದಿ ನಕ್ಕನಂತೆ. ಅವಳೂ ಬಗ್ಗಿ ಓದಿ, ತಡೆಯಲಾರದೆ ನಕ್ಕಳಂತೆ. ಅವಳಿಗೆ ಸಿಟ್ಟು ಬಂದದ್ದು ಜೋಕು ಕೆಟ್ಟದಾಗಿದ್ದಕ್ಕಲ್ಲ, ಚೆನ್ನಾಗಿದ್ದದ್ದಕ್ಕೆ. ಕೊನೆಯ ಸಾಲು: ‘ಅವತ್ತು ನಾನು ಬರೆಯುವ ಮೊದಲು ಅವಳನ್ನು ಒಂದು ಮಾತು ಕೇಳಬೇಕಿತ್ತು.’

ನಿನ್ನಮ್ಮ ಅತ್ತಳು. ‘ಕೊನೆಗೂ ಬರೆದ್ರಲ್ಲ’ ಎಂದಳು. ಆ ಹೊಗಳಿಕೆಯನ್ನು ಕದ್ದಿಟ್ಟುಕೊಳ್ಳುವ ಆಸೆ ಒಂದು ಕ್ಷಣ ಬಂತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಬಸ್ ನಿಲ್ದಾಣದ ಸಂಗತಿ ನನಗೆ ಗೊತ್ತಿರಲು ಸಾಧ್ಯವೇ ಇಲ್ಲ ಎಂದು ಹೇಳಿದ ಮೇಲೆ ನಿನ್ನಮ್ಮ ಅದೇ ಅಂಕಣವನ್ನು ಮೊದಲಿನಿಂದ ಮತ್ತೆ ಓದಿದಳು.

ಕಚೇರಿಯ ಕತ್ತರಿಗೆ ಫೋನ್ ಮಾಡಿದೆ. ನನ್ನ ವಾಕ್ಯಗಳನ್ನು ಕತ್ತರಿಸುತ್ತಲೇ ತಲೆ ನೆರೆತ ಆ ಉಪಸಂಪಾದಕ, ನೀನು ಶಾಲೆಯಿಂದ ಬರುತ್ತ ನನ್ನ ಹಾಳೆ ತಲುಪಿಸುತ್ತಿದ್ದಾಗ ಪೆಪ್ಪರಮಿಂಟು ಕೊಡುತ್ತಿದ್ದನಲ್ಲ, ಅವನೇ.

‘ಯಾರಯ್ಯ ಬರೀತಿರೋದು?’

‘ನೀವೇ ಸಾರ್. ಈಚೆಗೆ ಚೆನ್ನಾಗಿ ಬರೀತಿದ್ದೀರಿ ಅಂತ ಓದುಗರೂ ಹೇಳ್ತಿದ್ದಾರೆ.’

ಗದರಿದ ಮೇಲೆ ಬಾಯಿಬಿಟ್ಟ. ಕವರು ಬಿಚ್ಚಿದರೆ ಕಣ್ಣಿನ ಚಿತ್ರಗಳು, ಆಸ್ಪತ್ರೆಯಲ್ಲಿ ನಮ್ಮ ಫೋನ್ ಬಂದ್, ಪುಟ ಖಾಲಿ. ನಿನಗೆ ಫೋನ್ ಮಾಡಿದನಂತೆ. ‘ಅವರ ಅಂಕಣ ಅವರೇ ಬರ್ಕೊಳ್ಳಲಿ ಅಂತ ಫೋನ್ ಇಟ್ಬಿಟ್ಳು ಸಾರ್. ಇಪ್ಪತ್ತು ನಿಮಿಷ ಆದ್ಮೇಲೆ ತಾನೇ ಮಾಡಿ, ಎಷ್ಟು ಪದ ಅಂಕಲ್ ಅಂದ್ಳು.’

ಮಗಳೇ, ಆ ಇಪ್ಪತ್ತು ನಿಮಿಷಕ್ಕೆ ನಾನು ಋಣಿ. ಅದರಲ್ಲಿ ನೀನು ಏನೇನು ನುಂಗಿಕೊಂಡೆಯೋ ಕೇಳುವುದಿಲ್ಲ. ಹೊಸ ಕೆಲಸದಲ್ಲಿ ದಿನವಿಡೀ ಬೇರೆಯವರ ಲಿಫ್ಟಿನ ತಳದ ಗುಂಡಿಯೊಳಗೆ ಇಳಿದು ರಿಪೇರಿ ಮಾಡಿ ಬಂದು, ನನ್ನ ಧಾಟಿ, ನನ್ನ ಅಧಿಕಪ್ರಸಂಗ, ಎಲ್ಲವನ್ನೂ ಹತ್ತು ದಿನ ಹೊತ್ತೆ. ಪೊರೆ ತೆಗೆದವರು ಡಾಕ್ಟರು. ನನ್ನನ್ನು ಪೊರೆದವಳು ನೀನು. (ಕತ್ತರಿ ಈ ಸಾಲನ್ನು ಖಂಡಿತ ಕತ್ತರಿಸುತ್ತಿದ್ದ. ಪತ್ರ ಬರೆಯುವುದರ ಸುಖವೇ ಇದು.)

ನನ್ನ ಪರವಾಗಿ ನೀನು ಬರೆದ ಕೊನೆಯ ಸಾಲಿಗೆ ನಾನಿನ್ನೂ ಸಹಿ ಹಾಕಿರಲಿಲ್ಲ. ಈಗ ಹಾಕುತ್ತಿದ್ದೇನೆ. ಅವತ್ತು ನಿನ್ನನ್ನು ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನನ್ನದು. ಇದರಲ್ಲಿ ತಮಾಷೆಯಿಲ್ಲ.

ಇವತ್ತು ಕೇಳುತ್ತಿದ್ದೇನೆ. ಭಾನುವಾರದ ಅಂಕಣ ಇನ್ನು ಮುಂದೆ ನೀನು ಬರೆಯುತ್ತೀಯಾ, ನಿನ್ನದೇ ಹೆಸರಿನಲ್ಲಿ? ಸಂಪಾದಕರಿಗೆ ನಾನಿನ್ನೂ ಹೇಳಿಲ್ಲ, ನಿನ್ನಮ್ಮನಿಗೂ ಹೇಳಿಲ್ಲ. ಬೇಡವೆಂದರೆ ಈ ಪತ್ರ ನಮ್ಮಿಬ್ಬರಲ್ಲೇ ಉಳಿಯುತ್ತದೆ. ಬರೆಯುವುದಾದರೆ, ನನ್ನ ಬಗ್ಗೆ ಏನು ಬೇಕಾದರೂ ಬರಿ. ನನ್ನನ್ನು ಕೇಳಬೇಕಾಗಿಲ್ಲ.

ಸಂಜೆ ಫೋನ್ ಮಾಡಿದಾಗ, ನಿನ್ನಮ್ಮನ ಪಾಲಿನ ಮಾತು ಮುಗಿದ ಮೇಲೆ, ಇಡುವ ಮುಂಚೆ ಒಂದು ಸಲ ‘ಅಪ್ಪ ಇದ್ದಾರಾ’ ಎಂದು ಕೇಳು. ನಾನು ಎಲ್ಲಿಗೂ ಹೋಗಿರುವುದಿಲ್ಲ.

ಇಂತಿ,
ಈ ಪತ್ರವನ್ನು ಮಾತ್ರ ತಾನೇ ಬರೆದಿರುವ,
ನಿನ್ನ ಅಪ್ಪ

ಮರೆತ ಮಾತು: ಡಾಕ್ಟರು ಮೊದಲು ಹತ್ತು ದಿನ ಎಂದಿದ್ದರೂ, ಬೇಕಾದದ್ದು ನಾಲ್ಕೇ. ನಾಲ್ಕನೆಯ ದಿನವೇ ಪರೀಕ್ಷೆ ಮಾಡಿ ‘ನಾಳೆಯಿಂದ ಬರೀಬಹುದು’ ಅಂದರು. ನಾನು ಬರೆದರೆ ನೀನು ನಿಲ್ಲಿಸುತ್ತೀಯಲ್ಲ ಎಂದೇ, ಡಾಕ್ಟರಿಂದ ವಾಪಸು ಸಿಕ್ಕ ನನ್ನ ಹತ್ತು ಅಂಕಣಗಳನ್ನೂ ಕಚೇರಿಗೆ ಕಳಿಸಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ನಿನ್ನಮ್ಮ, ಜೀವನದಲ್ಲಿ ಸುಳ್ಳೇ ಆಡದವಳು, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಕಚೇರಿಗೆ ಫೋನ್ ಮಾಡಿ, ‘ಇನ್ನೂ ಆರು ದಿನ ಬರೆಯೋ ಹಾಗಿಲ್ಲವಂತೆ, ಪಾಪ’ ಎಂದಳು. ಆ ಪಾಪದಲ್ಲಿ ನನಗೂ ಅರ್ಧ ಪಾಲಿದೆ.