ನೋಡಬಾರದ ಗ್ರಾಫ್

ನ. 11, ಸೋಮವಾರ. ಬೆಳಿಗ್ಗೆ 7

ಅಪ್ಪನ ವ್ಯಾಯಾಮ ಮುಗಿಯಿತು. ರಬ್ಬರ್ ಚೆಂಡು ಇಪ್ಪತ್ತು ಸಲ ಹಿಸುಕಬೇಕು. ಹದಿನಾಲ್ಕಕ್ಕೇ "ಸಾಕು ಬಿಡವ್ವಾ" ಎಂದು ಮುಷ್ಕರ. ಸ್ಟ್ರೋಕ್ ಆಗಿ ಎರಡು ತಿಂಗಳು. ಆದರೂ ರೈತರು ಹತ್ತಿ ಮಾರಲು ಆದೋನಿ ಯಾರ್ಡಿಗೆ ಹೋಗುವ ಮುಂಚೆ ಮನೆಗೇ ಬರುತ್ತಾರೆ. ಒಂದು ಚೂರು ಹತ್ತಿ ಎಳೆದು ನೋಡಿ ಉರುಕುಂದಪ್ಪ, ಅಂದರೆ ಅಪ್ಪ, ಇಷ್ಟುದ್ದದ ಎಳೆ ಎಂದರೆ ಮುಗಿಯಿತು, ಅಷ್ಟೇ.

ನನ್ನ ಭೌತಶಾಸ್ತ್ರದ ಪ್ರಯೋಗವೂ ಇನ್ನು ಹನ್ನೊಂದು ದಿನಕ್ಕೆ ಮುಗಿಯುತ್ತದೆ. 22ಕ್ಕೆ ಪೆಟ್ಟಿಗೆ ತೆರೆಯುತ್ತೇವೆ. ಪೆಟ್ಟಿಗೆ ಎಂದರೆ ಗಣಿಯ ಆಳದಲ್ಲಿರುವ ನಮ್ಮ ಡಿಟೆಕ್ಟರಿನ ಮುಚ್ಚಿಟ್ಟ ಡೇಟಾ. ಹುಡುಕುತ್ತಿರುವ ಕಣ ಇದ್ದರೆ ಅದರಲ್ಲೇ. ಎಣಿಸುವ ನಿಯಮವೆಲ್ಲ ಗಟ್ಟಿಯಾಗುವವರೆಗೆ ಯಾರೂ ನೋಡುವಂತಿಲ್ಲ; ನೋಡಿದರೆ ಮನಸ್ಸು ತನಗೆ ಬೇಕಾದದ್ದನ್ನೇ ಆರಿಸುತ್ತದೆ. ಒಂಬತ್ತು ವರ್ಷದ ಕೆಲಸ.

ನ. 12

ನಾನು ನೋಡಿದ್ದೇನೆ.

ಮಾರ್ಚ್‌ನಲ್ಲಿ. ತಪ್ಪು ಫೈಲ್ ತೆರೆದೆ. ತಕ್ಷಣ ಮುಚ್ಚಬೇಕಿತ್ತು... ಒಂದು ನಿಮಿಷ ನೋಡಿದೆ. ಗ್ರಾಫಿನಲ್ಲಿ ಸಣ್ಣ ಗುಡ್ಡ ಎದ್ದಿತ್ತು, ಕಣ ಇರಬಹುದು ಎಂಬ ಗುರುತು. ಮರುವಾರ ಒಂದು ನಿಯಮ ಬದಲಿಸಿದೆ — ಗುಡ್ಡ ಉಳಿಯುವ ಹಾಗೆ. ಬೇರೆ ಕಾರಣ ಕೊಟ್ಟೆ. ಯಾರಿಗೂ ಗೊತ್ತಿಲ್ಲ. ಹೇಳಿದರೆ ಈ ಡೇಟಾ ಕಸ. ನನ್ನ ವಿದ್ಯಾರ್ಥಿನಿ ಅಮೂಲ್ಯಳ ಥೀಸಿಸ್ ಇದರ ಮೇಲೇ ನಿಂತಿದೆ. ಮದ್ದಿಕೇರದ ಹುಡುಗಿ. ನಮ್ಮ ಕಡೆಯ ಕನ್ನಡ ಆಡುತ್ತಾಳೆಂದೇ ಅವಳ ಮೇಲೆ ಒಂದು ಹಿಡಿ ಹೆಚ್ಚು ಪ್ರೀತಿ.

ನ. 16, ಶನಿವಾರ

ಹಾಲಹರವಿಯ ರೈತ ಹನುಮಂತು ಹತ್ತಿ ತಂದಿದ್ದ. ಅಪ್ಪ ಎಳೆದರು. ಮತ್ತೆ ಎಳೆದರು. ಕೆಳಗಿಟ್ಟರು.

"ಬೆರಳಿಗೆ ತಿಳಿವಲ್ದಪಾ. ಹೋದ ವಾರ ನಿನಗ ಹೇಳಿದ್ದೂ ಅಂದಾಜಿಗೆ. ತಪ್ಪಾತು. ಯಾರ್ಡಿನಾಗ ಶ್ರೀರಾಮುಲು ಕಡೆ ತೋರಿಸು."

"ಇರ್ಲಿ ಬಿಡ್ರಿ ಸಾವ್ಕಾರ್ರೆ, ಪರ್ವಾಲೇದು," ಎಂದ ಹನುಮಂತು.

ಐವತ್ತು ವರ್ಷ ಆ ಬೆರಳುಗಳಿಂದಲೇ ಮರ್ಯಾದೆ ಗಳಿಸಿದವರು. ಒಳಗೆ ಬಂದು ಕೂತರು. ಅವರ ಮೇಲೆ ಎಂದೂ ಇಷ್ಟು ಪ್ರೀತಿ ಉಕ್ಕಿರಲಿಲ್ಲ.

"ಕಷ್ಟ ಆತೇನಪಾ?" ಎಂದೆ.

"ಆತು. ಚಾ ಮಾಡು ಸುಹಾಸಿನಿ."

ನ. 17

ಗ್ರಾಫ್ ನೋಡಿದ್ದನ್ನು, ನಿಯಮ ಬದಲಿಸಿದ್ದನ್ನು ಅಮೂಲ್ಯಳಿಗೆ ಮೊದಲು ಫೋನ್ ಮಾಡಿ ಹೇಳಿದೆ. ಫೋನ್ ಇಟ್ಟುಬಿಟ್ಟಳು. ಆಮೇಲೆ ಇಡೀ ಗುಂಪಿಗೆ ಮೇಲ್. ನಾಲ್ಕೇ ಸಾಲು, ಬರೆಯಲು ಮಧ್ಯಾಹ್ನವೆಲ್ಲ ಹಿಡಿಯಿತು.

ನ. 21

ಪೆಟ್ಟಿಗೆ ತೆರೆಯುವುದಿಲ್ಲ. ಹೊಸ ಡೇಟಾ, ಹೊಸ ನಿಯಮ — ಎರಡು ವರ್ಷ. ವಿಶ್ಲೇಷಣೆಯಿಂದ ನನ್ನನ್ನು ಹೊರಗಿಟ್ಟಿದ್ದಾರೆ. ಸರಿಯಾಗಿಯೇ ಮಾಡಿದರು. ಆದರೂ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನ. 24, ಭಾನುವಾರ. ಮಧ್ಯಾಹ್ನ 3

ಅಮೂಲ್ಯ ಫೋನ್ ಮಾಡಿದಳು. ವಾರದ ಮೇಲೆ.

"ಮೇಡಂ, ಭಾಳ ಸಿಟ್ಟು ಐತಿ ನಿಮ್ಮ ಮ್ಯಾಲೆ."

"ಇರ್ಲಿ."

"ಇನ್ನ ಮ್ಯಾಲೆ ಡೇಟಾ ನಾನೇ ನೋಡಾಕಿ. ನಿಮಗ ಏನೂ ಹೇಳಂಗಿಲ್ಲ."

"ಹೇಳಬ್ಯಾಡ."

ಆ ಕಡೆ ಹಾಸ್ಟೆಲ್ಲಿನ ತಟ್ಟೆಗಳ ಸದ್ದು.

"ಊಟ ಆತೇನ್ರಿ?" ಎಂದಳು.

ಆತು ಎನ್ನಲು ಬಾಯಿ ತೆರೆದೆ. ಈ ವಾರ ನೆಟ್ಟಗೆ ಒಂದು ತುತ್ತು ಇಳಿದಿಲ್ಲ. "ಇಲ್ಲವ್ವಾ," ಎಂದೆ. ಆಮೇಲೆ ಮಾತು ಊಟದ ಕಡೆ ಹೊರಳಿತು, ಡೇಟಾ ಕಡೆ ಹೋಗಲಿಲ್ಲ.