ಜೊಂಡಿನ ಬೂಷ್ಟು ಮತ್ತು ಮೂರನೆಯ ಗೋಡೆ

ಶಿಲೀಂಧ್ರ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಕೊಳೆತ ಪಪೈರಸ್ ಜೊಂಡಿನ ಮೇಲೆ ಬೆಳೆಯುವ, ಬರಿಗಣ್ಣಿಗೆ ಕಾಣದ ಬೂಷ್ಟಿಗೆ ತಾವು ಹೊಸ ಕುಲವೊಂದನ್ನು ಸ್ಥಾಪಿಸಿದ್ದೀರಿ. ಅಭಿನಂದನೆಗಳು. ಅದನ್ನು ಒಂಬತ್ತು ವರ್ಷಗಳ ಹಿಂದೆಯೇ ಗುರುತಿಸಿದವರು ಆಗ ನಮ್ಮದೇ ವಿಭಾಗದಲ್ಲಿದ್ದ ಯೋನಸಾನಿ ಲುಬೋವ. ಅವರು ಹೇಳಿದ್ದು ತಪ್ಪೆಂದು ತೋರಿಸಲು ತಾವು ನನ್ನ ಕೈಯಿಂದ ಸುಳ್ಳು ಚಿತ್ರ ಬರೆಸಿದಿರಿ. ತಮ್ಮ ಪ್ರಬಂಧದಲ್ಲಿ ಈ ಎರಡು ಸಂಗತಿಗಳಿಗೆ ಜಾಗ ಸಾಲಲಿಲ್ಲವೇ?

ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕಂಡ ಹಾಗೆ ಚಿತ್ರ ಬರೆಯುವುದು ನನ್ನ ಕೆಲಸ. ಲುಬೋವ ಲುಕಾಯದ ಜೌಗಿನಲ್ಲಿ ಸೊಂಟಮಟ್ಟ ಇಳಿದು ಆ ಜೊಂಡು ತಂದಿದ್ದರು. ಬೂಷ್ಟಿನ ಬೀಜಕಣದೊಳಗೆ ಮೂರು ಅಡ್ಡಗೋಡೆಗಳಿದ್ದವು. ತಾವು ಇದನ್ನು ಸೇರಿಸಿದ್ದ, ತಾವೇ ಹೆಸರಿಟ್ಟಿದ್ದ ಹಳೆಯ ಕುಲದಲ್ಲಿ ಎರಡೇ. ಕಣ ಕಳಚಿಕೊಳ್ಳುವ ರೀತಿಯೂ ಬೇರೆ. ಹಾಗಾಗಿ ಇದು ಬೇರೆಯೇ ಕುಲ ಎಂದು ಅವರು ವಾದಿಸಿದರು. ತಾವು ನನ್ನ ಮೇಜಿಗೆ ಬಂದಿರಿ.

"ಲೊವಿನ್ಸಾ, ಈ ಮೂರನೇ ಗೆರೆ ತೆಗೆದುಬಿಡಮ್ಮ."

"ಇದೆಯಲ್ಲ ಸಾರ್, ನೀವೇ ನೋಡಿ."

"ಅದು ಬರೀ ಮಡಿಕೆ. ನಂಗಿಂತ ನಿನ್ನ ಕಣ್ಣು ಚುರುಕೇನು?"

ನನಗೆ ಈ ಕೆಲಸ ಕಲಿಸಿದವರು ತಾವು. ನಂಬಿದೆ. ಭಯವೂ ಇತ್ತು, ಮುಚ್ಚಿಡುವುದಿಲ್ಲ. ಬ್ಲೇಡಿನಿಂದ ಗೆರೆ ಕೆರೆದೆ. ಮರುವಾರದ ಸಭೆಯಲ್ಲಿ ತಾವು ಆ ಚಿತ್ರವನ್ನು ಎತ್ತಿ ಹಿಡಿದು, "ನಮ್ಮ ಲುಬೋವ ಜೌಗಿನ ಕಡ್ಡಿಗೊಂದು ರಾಜ್ಯ ಕಟ್ಟೋಕೆ ಹೊರಟಿದ್ದಾರೆ!" ಎಂದಿರಿ. ಎಲ್ಲರೂ ನಕ್ಕರು. ಆ ವರ್ಷವೇ ಲುಬೋವ ಕೆಲಸ ಬಿಟ್ಟರು.

ಈ ವರ್ಷ ಲುಬೋವರ ಬೂಷ್ಟಿದ್ದ ಅದೇ ಗಾಜಿನ ಪಟ್ಟಿಯನ್ನು, ಅವರ ಕೈಬರಹದ ಚೀಟಿ ಕಿತ್ತು, ನನ್ನ ಮುಂದಿಟ್ಟಿರಿ. "ಮೂರೂ ಗೋಡೆ ಸ್ಪಷ್ಟವಾಗಿ ಬರಲಿ." ಒಂಬತ್ತು ವರ್ಷದಲ್ಲಿ ಮಡಿಕೆ ಗೋಡೆಯಾಯಿತೇ ಸ್ವಾಮಿ? ಲುಬೋವರ ಹೆಸರು ಇರುತ್ತದೆಂದು ನಂಬಿ ಮತ್ತೆ ಬರೆದುಕೊಟ್ಟೆ. ಪತ್ರಿಕೆ ಅಚ್ಚಾಗಿ ಬಂತು. ಹೆಸರು ತಮ್ಮದೊಂದೇ.

ಪತ್ರಿಕೆ ಹಿಡಿದು ಲುಕಾಯಕ್ಕೆ ಹೋದೆ. ಲುಬೋವ ಈಗ ಅಲ್ಲಿ ಶಾಲಾ ಮೇಷ್ಟರು. ಬೇಯಿಸಿದ ಮಟೋಕೆ ಬಾಳೆಕಾಯಿ, ಕಡಲೆಕಾಯಿ ಸಾರು ಬಡಿಸಿ, ಚಿತ್ರವನ್ನೇ ನೋಡುತ್ತ ಕೂತರು.

"ಆವತ್ತೂ ನಿಂಗೆ ಮೂರು ಕಂಡಿತ್ತಾ?"

"ಕಂಡಿತ್ತು ಅಣ್ಣ."

"ನನ್ನ ಕಣ್ಣೇ ಕೆಟ್ಟಿದೆ ಅಂದ್ಕೊಂಡು ಮೈಕ್ರೋಸ್ಕೋಪು ಮುಟ್ಟೋದೇ ಬಿಟ್ಟೆನಲ್ಲಮ್ಮ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅದೇ ಪತ್ರಿಕೆಯಲ್ಲಿ ತಿದ್ದುಪಡಿ ಬರಬೇಕು. ಆ ಕುಲವನ್ನು ಮೊದಲು ಗುರುತಿಸಿದವರು ಲುಬೋವ ಎಂದು ತಮ್ಮ ಸಹಿಯೊಂದಿಗೆ ಅಚ್ಚಾಗಬೇಕು. ಹಳೆಯ ಚಿತ್ರ ಸುಳ್ಳೆಂದೂ, ಬರೆದವಳು ನಾನೆಂದೂ ಅದರ ಕೆಳಗೇ ಹಾಕಿ. ತಾವು ಹಾಕದಿದ್ದರೆ ಎರಡೂ ಚಿತ್ರಗಳನ್ನು ನಾನೇ ಪತ್ರಿಕೆಯ ಸಂಪಾದಕರಿಗೆ ಕಳಿಸುತ್ತೇನೆ.

ಇಂತಿ,
ತಮ್ಮನ್ನು ಗುರು ಎಂದು ಕರೆಯುತ್ತಿದ್ದ,
ಲೊವಿನ್ಸಾ ನಬುಕೀರ
ಕಂಪಾಲ